‘ಪರಿವೆ’ ಇಟ್ಟುಕೊಂಡು ನಿಘಂಟುಗಳ ತಪಾಸಣೆ: ಅಲರ್, ಕಿಟೆಲ್, ಪರಿಷತ್ತು, ಪದಕಣಜ

ಒಬ್ಬನಿಗೆ ಏನೋ ಒಂದು ತಿಳಿದಿಲ್ಲ. ಅಥವಾ ತಿಳಿದಿದ್ದರೂ ಆ ಹೊತ್ತಿಗೆ ಅವನ ಗಮನ ಅತ್ತ ಇಲ್ಲ. ಇದನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಅರಿಯದೆ, ಅರಿವಿಲ್ಲದೆ, ತಿಳಿಯದೆ, ಗೊತ್ತಿಲ್ಲದೆ, ಪರಿವೆ ಇಲ್ಲದೆ, ಮೈಮರೆತು, ಅನಭಿಜ್ಞ, ಅಮಾಯಕ, ಧಾರವಾಡದ ಕಡೆಗೆ ಹೋದರೆ ಖಬರಿಲ್ಲದೆ. ಅನುವಾದಕರು, ಉಪಶೀರ್ಷಿಕೆ ಬರೆಯುವವರು, ಜಾಹೀರಾತಿನವರು ಒದ್ದಾಡುವುದು ಇವುಗಳಲ್ಲಿ ಯಾವುದನ್ನು ಎಲ್ಲಿ ಹಾಕಬೇಕು ಎಂಬಲ್ಲಿ. ಹಾಗಾಗಿ ಕನ್ನಡಿಗರ ಕೈಗೆ ಸುಲಭವಾಗಿ ಸಿಗುವ ನಿಘಂಟುಗಳನ್ನು ಇದೊಂದೇ ಪದಗುಂಪು ಹಿಡಿದು ತೂಗುವುದು ಈ ವಿಮರ್ಶೆಯ ಕೆಲಸ.

ತೀರ್ಪು ಮೊದಲೇ ಹೇಳಿಬಿಡೋಣ. ಅರ್ಥ ಬೇಗ ಬೇಕೆಂದರೆ ಅಂತರಜಾಲದ ಕನ್ನಡ-ಇಂಗ್ಲಿಷ್ ನಿಘಂಟು ಅಲರ್. ಪದದ ಬೇರು, ಹಳೆಯ ರೂಪ, ಗಾದೆ ಬೇಕೆಂದರೆ ಜರ್ಮನ್ ಪಾದ್ರಿ ಕಿಟೆಲ್ ಮಾಡಿದ ಹಳೆಯ ಕನ್ನಡ-ಇಂಗ್ಲಿಷ್ ಕೋಶ. ಬಲ್ಲವರು ಆ ಪದವನ್ನು ಹೇಗೆ ಬಳಸಿದ್ದರು ಎಂದು ನೋಡಲು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು. ಇಂಗ್ಲಿಷ್ ಪದ ಹಿಡಿದು ಹೊರಟವರಿಗೆ ಸರ್ಕಾರದ ಪದಕಣಜ ತಾಣ, ಅದೂ ಕೊಂಚ ಜಾಗ್ರತೆಯಿಂದ. ಇಂದಿನ ಕನ್ನಡದಲ್ಲಿ ಪದ ಯಾವ ಪದದ ಜೊತೆ ಕೂಡುತ್ತದೆ, ಯಾವುದರ ಜೊತೆ ಕೂಡುವುದಿಲ್ಲ ಎಂಬುದನ್ನು ಮಾತ್ರ ಇವುಗಳಲ್ಲಿ ಯಾವುದೂ ನೆಟ್ಟಗೆ ಹೇಳುವುದಿಲ್ಲ. ಅದನ್ನು ನಾವೇ ಹುಡುಕಿಕೊಳ್ಳಬೇಕು. ದಾರಿ ಕೊನೆಯ ಭಾಗದಲ್ಲಿದೆ.

ತೂಗುವ ಮೊದಲು ತಕ್ಕಡಿ ಸರಿಯಿರಬೇಕು. ‘ಅರಿಯದೆ’ ಎಂದರೆ ತಿಳಿವಳಿಕೆ ಇಲ್ಲದೆ ಮಾಡಿದ್ದು. ಅದರಲ್ಲಿ ತಪ್ಪಿಗೆ ಒಂದಿಷ್ಟು ರಿಯಾಯಿತಿ ಉಂಟು. ‘ಅರಿಯದೆ ಮಾಡಿದ ತಪ್ಪು’, ‘ಅರಿತೋ ಅರಿಯದೆಯೋ’ ಎಂಬ ಮಾತುಗಳು ಹುಟ್ಟಿದ್ದು ಹಾಗೆ. ‘ಅರಿವಿಲ್ಲದೆ’ ಎಂಬುದು ಎರಡು ಕೆಲಸ ಮಾಡುತ್ತದೆ. ‘ಕಾನೂನಿನ ಅರಿವಿಲ್ಲದೆ ಸಹಿ ಹಾಕಿದ’ ಎಂದಾಗ ಮಾಹಿತಿಯ ಕೊರತೆ; ‘ತನಗೆ ಅರಿವಿಲ್ಲದೆಯೇ ಕಣ್ಣೀರು ಬಂತು’ ಎಂದಾಗ ಮನಸ್ಸಿನ ಹತೋಟಿ ತಪ್ಪಿದ್ದು. ‘ಪರಿವೆ’ಯ ದಾರಿಯೇ ಬೇರೆ. ‘ಮಳೆಯ ಪರಿವೆ ಇಲ್ಲದೆ ನಾಟಿ ಮುಗಿಸಿದರು’ ಎಂಬಲ್ಲಿ ಮಳೆ ಬರುತ್ತಿದೆ ಎಂದು ಎಲ್ಲರಿಗೂ ಗೊತ್ತು, ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಅಷ್ಟೆ. ‘ಮಳೆಯ ಅರಿವಿಲ್ಲದೆ ನಾಟಿ ಮುಗಿಸಿದರು’ ಎಂದು ಬದಲಿಸಿ ನೋಡಿ. ಮೈ ನೆನೆದದ್ದೂ ತಿಳಿಯದ ವಿಚಿತ್ರ ಜನ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ.

ಪರಿವೆಗೆ ಇನ್ನೊಂದು ಗುಣವಿದೆ. ಅದು ‘ಇಲ್ಲ’ ಎಂಬುದರ ಜೊತೆಯಲ್ಲದೆ ಒಂಟಿಯಾಗಿ ಓಡಾಡುವುದು ಅಪರೂಪ. ‘ಅವನಿಗೆ ಹೊತ್ತಿನ ಪರಿವೆ ಇಲ್ಲ’ ಎನ್ನುತ್ತೇವೆ. ‘ಅವನಿಗೆ ಹೊತ್ತಿನ ಪರಿವೆ ಇದೆ’ ಎಂದು ಯಾರೂ ಹೊಗಳುವುದಿಲ್ಲ. ಅದಕ್ಕೆ ‘ಸಮಯಪ್ರಜ್ಞೆ’ ಎಂದೂ ಹಾಕಲಾಗದು, ಏಕೆಂದರೆ ಸಮಯಪ್ರಜ್ಞೆ ಎಂದರೆ ಸಂದರ್ಭ ನೋಡಿ ಥಟ್ಟನೆ ನಡೆದುಕೊಳ್ಳುವ ಜಾಣ್ಮೆ. ಬೈಯುವ ಪ್ರಶ್ನೆಯಲ್ಲಿ ಮಾತ್ರ ‘ಇದೆ’ ಸೇರಬಹುದು: ‘ಹೊತ್ತಿನ ಪರಿವೆ ಇದೆಯೇನೋ ನಿನಗೆ?’ ಅಲ್ಲೂ ಉತ್ತರ ‘ಇಲ್ಲ’ ಎಂದೇ ಕೇಳುವವರ ಲೆಕ್ಕ. ನಿಘಂಟೊಂದು ಪರಿವೆಗೆ ‘ಗಮನ, ಲಕ್ಷ್ಯ’ ಎಂದು ಅರ್ಥ ಕೊಟ್ಟರೆ ತಪ್ಪಿಲ್ಲ. ಆದರೆ ಅಷ್ಟನ್ನೇ ನಂಬಿದ ಹೊಸಬರು ‘ಚಾಲಕರು ಪರಿವೆಯಿಂದ ವಾಹನ ಓಡಿಸಬೇಕು’ ಎಂದು ಫಲಕ ಬರೆಸಿಬಿಡುತ್ತಾರೆ. ಒಂದು ನಿಘಂಟು ನಮ್ಮನ್ನು ಈ ಫಲಕದಿಂದ ಎಷ್ಟು ದೂರ ಇಡುತ್ತದೆ ಎಂಬುದೇ ಇಲ್ಲಿನ ಪರೀಕ್ಷೆ.

ಅಲರ್‌ನಿಂದ ಶುರು ಮಾಡೋಣ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ಪದಭಂಡಾರ 2019ರಲ್ಲಿ ಅಲರ್ ಡಾಟ್ ಇಂಕ್ ಎಂಬ ತಾಣವಾಗಿ ಹೊರಬಂತು. 1,50,000ಕ್ಕೂ ಹೆಚ್ಚು ಪದ, 2,40,000ಕ್ಕೂ ಹೆಚ್ಚು ಅರ್ಥ. ಶುಲ್ಕವಿಲ್ಲ, ಜಾಹೀರಾತಿಲ್ಲ. ಹುಡುಕಾಟಕ್ಕೆ ಧ್ವನಿಯ ಆಧಾರವೂ ಇರುವುದರಿಂದ ಲ-ಳ, ನ-ಣ ಅದಲುಬದಲಾದರೂ ಹತ್ತಿರದ ಪದಗಳು ಎದುರಿಗೆ ಬರುತ್ತವೆ. ಕಾಗುಣಿತದಲ್ಲಿ ಅಳುಕಿರುವವರಿಗೆ ಇದು ದೊಡ್ಡ ಉಪಕಾರ. ಆದರೆ ಮೊದಲು ಕಂಡ ಸಾಲನ್ನೇ ಎತ್ತಿಕೊಂಡು ಹೋಗುವ ಅವಸರದವರಿಗೆ ಅದೇ ಅಪಾಯ. ತಾನು ಕೇಳಿದ ಪದವೇ ಬಂದಿದೆಯೋ, ಅದರ ಹಾಗೆ ಕೇಳಿಸುವ ನೆಂಟ ಬಂದಿದ್ದಾನೋ ಎಂದು ತಲೆಪದವನ್ನು ಅಕ್ಷರ ಅಕ್ಷರ ನೋಡಿಕೊಳ್ಳಬೇಕು.

ಇಲ್ಲಿ ಹೊಸಬರು ಎಡವುವುದು ರೂಪಗಳಲ್ಲಿ. ನಿಘಂಟಿನ ತಲೆಪದ ಬೇರು ರೂಪದಲ್ಲಿರುತ್ತದೆ: ಅರಿ, ಅರಿವು, ತಿಳಿ. ಬರಹದಲ್ಲಿ ಎದುರಾಗುವುದು ಅರಿಯದೆ, ಅರಿಯದ, ಅರಿಯೆ, ಅರಿಯಳು. ಹಾಗಾಗಿ ‘ಅರಿಯದೆ’ ಹಾಕಿ ಸಿಗಲಿಲ್ಲ ಎಂದು ಬೈಯುವ ಮೊದಲು ‘ಅರಿ’ ಹಾಕಿ. ಅಲ್ಲಿ ಇನ್ನೊಂದು ಗೋಜಲು ಕಾದಿರುತ್ತದೆ. ಇಂದಿನ ಕಾಗುಣಿತದಲ್ಲಿ ಅರಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು, ಸಂಸ್ಕೃತದಿಂದ ಬಂದ ಅರಿ ಎಂದರೆ ಶತ್ರು. ಮೂರಕ್ಕೂ ಸಂಬಂಧವಿಲ್ಲ. ಕ್ರಿಯಾಪದವೋ ನಾಮಪದವೋ ಎಂಬ ಗುರುತು ನೋಡಿದರೆ ಶತ್ರು ದೂರವಾಗುತ್ತಾನೆ. ಉಳಿದ ಎರಡು ಕ್ರಿಯಾಪದಗಳನ್ನು ಅರ್ಥ ಓದಿಯೇ ಬೇರ್ಪಡಿಸಬೇಕು.

ಇನ್ನು ‘ಅರಿಯ’. ‘ಅವನು ಏನನ್ನೂ ಅರಿಯ’ ಎಂಬ ವಾಕ್ಯದಲ್ಲಿ ಇಲ್ಲ ಎಂಬ ಪದ ಕಣ್ಣಿಗೆ ಕಾಣುವುದಿಲ್ಲ. ಆದರೂ ಅದು ನಿಷೇಧ. ಅರಿಯೆನು, ಅರಿಯ, ಅರಿಯಳು, ಅರಿಯರು, ಅರಿಯದು, ಎಲ್ಲವೂ ಹಾಗೆಯೇ. ಇದಕ್ಕೆ ಒಪ್ಪುವ ಹೌದು ರೂಪ ‘ಬಲ್ಲ’: ಬಲ್ಲೆ ಎಂಬುದಕ್ಕೆ ಎದುರು ಅರಿಯೆ. ಕ್ರಿಯೆಯ ಜೊತೆ ಕೂಡಿದಾಗ ಇನ್ನೂ ಸೂಕ್ಷ್ಮ: ‘ಹಾಡಲಾರೆ’ ಎಂದರೆ ಶಕ್ತಿಯಿಲ್ಲ, ‘ಹಾಡಲೊಲ್ಲೆ’ ಎಂದರೆ ಮನಸ್ಸಿಲ್ಲ, ‘ಹಾಡಲರಿಯೆ’ ಎಂದರೆ ಕಲಿತಿಲ್ಲ. ಈ ವ್ಯಾಕರಣ ಗೊತ್ತಿಲ್ಲದವರು ಯಾವ ನಿಘಂಟು ತೆರೆದರೂ ‘ಅರಿಯ’ ಎಂಬುದನ್ನು ಅರಿಯುವವನು ಎಂದು ತಿರುವುಮುರುವು ಓದಿಕೊಳ್ಳುವ ಸಾಧ್ಯತೆ ಇದ್ದೇ ಇದೆ. ಯಂತ್ರಾನುವಾದವನ್ನು ಪರೀಕ್ಷಿಸಬೇಕೆಂದಿದ್ದರೆ ಇಂಥ ಮೂರು ವಾಕ್ಯ ಕೊಟ್ಟರೆ ಸಾಕು, ಅದರ ಕನ್ನಡ ಎಷ್ಟು ಆಳಕ್ಕಿದೆ ಎಂದು ಗೊತ್ತಾಗಿಬಿಡುತ್ತದೆ.

ಅಲರ್‌ನ ಕೊರತೆ ಅದರ ಕಟ್ಟಡದಲ್ಲೇ ಇದೆ. ಪ್ರತಿ ಪದಕ್ಕೆ ಉಚ್ಚಾರ, ವ್ಯಾಕರಣದ ವರ್ಗ, ಇಂಗ್ಲಿಷ್ ಅರ್ಥಗಳು. ಪ್ರಯೋಗವಾಕ್ಯಗಳಿಗೆ ಜಾಗವಿಲ್ಲ. ಪರಿವೆಯ ಪಕ್ಕದಲ್ಲಿ ‘ಇಲ್ಲ’ ಬರುತ್ತದೆ ಎಂದು ತೋರಿಸಲು ಒಂದು ಉದಾಹರಣೆ ಸಾಕಿತ್ತು. ಅದು ಈ ವಿನ್ಯಾಸದಲ್ಲಿ ಬರುವಂತಿಲ್ಲ. ಇದು ಕನ್ನಡದಿಂದ ಇಂಗ್ಲಿಷಿಗೆ ಹೋಗುವ ನಿಘಂಟು ಎಂಬುದನ್ನೂ ನೆನಪಿಡಬೇಕು.

ಆದರೆ ಅಲರ್‌ಗೆ ಇರುವ, ಮಿಕ್ಕವಕ್ಕೆ ಇಲ್ಲದ ಬಲವೊಂದಿದೆ: ದತ್ತಾಂಶ ಪೂರ್ತಿ ಮುಕ್ತ. ಓಪನ್ ಡೇಟಾಬೇಸ್ ಪರವಾನಗಿಯಡಿ ಇಡೀ ಕಡತವನ್ನು ತಂತ್ರಾಂಶದವರು ಕಡತ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಿಂದ ಇಳಿಸಿಕೊಳ್ಳಬಹುದು. ಇಳಿಸಿಕೊಂಡರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ಉಲ್ಟಾ ಹುಡುಕಾಟವೂ ನಮ್ಮ ಕೈಯಲ್ಲೇ. ಕಡತ ಯಾಮಲ್ ಎಂಬ ಸರಳ ಪಠ್ಯರೂಪದಲ್ಲಿದೆ; ತಲೆಪದ ಮೇಲೆ, ಅದರ ಕೆಳಗೆ ಅರ್ಥಗಳು ಸಾಲಾಗಿ. ಆದ್ದರಿಂದ ಕಡತದಲ್ಲಿ ಪದವಿರುವ ಸಾಲು ಹೆಕ್ಕುವ ಗ್ರೆಪ್ ಎಂಬ ಆದೇಶ ಹಾಕಿ ಇಂಗ್ಲಿಷಿನ ‘ಅನ್‌ಅವೇರ್’ ಹುಡುಕಿದರೆ ಬರೀ ಅರ್ಥದ ಸಾಲು ಬರುತ್ತದೆ, ಪದ ಬರುವುದಿಲ್ಲ. ಸಿಕ್ಕ ಸಾಲಿನ ಮೇಲಿನ ಹತ್ತು ಹದಿನೈದು ಸಾಲನ್ನೂ ತೋರಿಸು ಎಂದು ಹೇಳಬೇಕು. ಹತ್ತಾರು ಅರ್ಥಗಳಿರುವ ಪದವಾದರೆ ಇನ್ನೂ ಮೇಲಕ್ಕೆ ಹೋಗಬೇಕಾದೀತು. ಒಂದೇ ಇಂಗ್ಲಿಷ್ ಪದ ಹಾಕಿ ನಿಲ್ಲಿಸುವುದೂ ತಪ್ಪು, ಏಕೆಂದರೆ ಅಲರ್‌ನ ಅರ್ಥಗಳು ಎಷ್ಟೋ ಕಡೆ ಒಂಟಿ ಪದವಾಗಿರದೆ ವಿವರಣೆಯಾಗಿವೆ. ‘ನಾಟ್ ನೋಯಿಂಗ್’, ‘ಇಗ್ನರೆನ್ಸ್’, ‘ಹೀಡ್‌ಲೆಸ್’, ‘ಲ್ಯಾಕ್ ಆಫ್ ನಾಲೆಡ್ಜ್’, ಹೀಗೆ ಐದಾರು ಬಗೆಯಲ್ಲಿ ಗಾಳ ಹಾಕಬೇಕು. ಕಡತ ದೊಡ್ಡದು, ನೋಟ್‌ಪ್ಯಾಡ್‌ನಂಥ ಸರಳ ತಂತ್ರಾಂಶದಲ್ಲಿ ತೆರೆದರೆ ತಿಣುಕುತ್ತದೆ. ಇದನ್ನು ಬಳಸಿ ನೀವೇ ಆ್ಯಪ್ ಮಾಡಲೂ ಅಡ್ಡಿಯಿಲ್ಲ, ಆದರೆ ಮೂಲದ ಹೆಸರು ಹೇಳಬೇಕು, ತಿದ್ದಿ ಬೆಳೆಸಿದ ದತ್ತಾಂಶ ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು.

ಕಿಟೆಲ್ ಕೋಶ 1894ರದು, ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು ಹಾಕಿಸಿದ್ದು. ಮುದ್ರಣದ ಪುಟಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹಳೆಯ ಅಚ್ಚುಮೊಳೆಯ ಕನ್ನಡವನ್ನು ಯಂತ್ರ ಓದಿ ಮಾಡಿದ ಪಠ್ಯದಲ್ಲಿ ಹುಡುಕುಪೆಟ್ಟಿಗೆಯನ್ನು ನಂಬಬೇಡಿ. ಪುಸ್ತಕ ತಿರುವಿದ ಹಾಗೆ ಪುಟದ ತಲೆಯಲ್ಲಿರುವ ಪದ ನೋಡುತ್ತ ಅಕಾರಾದಿಯಲ್ಲಿ ಸಾಗುವುದೇ ಬೇಗದ ದಾರಿ. ಹೊಸಬರಿಗೆ ಇಲ್ಲಿನ ಮೊದಲ ಕಲ್ಲು ಶಕಟರೇಫ, ಅಂದರೆ ಇಂದು ಬಳಕೆಯಲ್ಲಿಲ್ಲದ ಱ ಅಕ್ಷರ. ತಿಳಿ ಎಂಬ ಅರ್ಥದ ಅರಿ ಹಳಗನ್ನಡದಲ್ಲಿ ‘ಅಱಿ’. ಸಾದಾ ರಕಾರದ ‘ಅರಿ’ಯಲ್ಲಿ ಹುಡುಕಿ ಸಿಗಲಿಲ್ಲವೆಂದು ಪುಸ್ತಕ ಮುಚ್ಚುವ ಮುನ್ನ ಱಕಾರದ ಜಾಗ ನೋಡಿ. ಅಲರ್‌ನಲ್ಲಿ ತಲೆ ಕೆಡಿಸಿದ ಗೋಜಲು ಇಲ್ಲಿ ಒಂದು ಅಕ್ಷರದಿಂದ ಬಿಡಿಸಿಕೊಳ್ಳುತ್ತದೆ. ಫೋನಿನ ಕೀಲಿಮಣೆಯಲ್ಲಿ ಱ ಸಿಗದಿದ್ದರೆ ಎಲ್ಲಿಂದಾದರೂ ನಕಲಿಸಿ ಅಂಟಿಸಿಕೊಳ್ಳಿ.

ಕಿಟೆಲ್‌ನ ಸೊಗಸು ಇರುವುದು ಅರ್ಥದ ಜೊತೆ ಕೊಡುವ ಗಾದೆ, ಪದ್ಯದ ತುಣುಕು, ತಮಿಳು-ತೆಲುಗು-ಮಲಯಾಳ-ತುಳುವಿನ ಸೋದರ ಪದಗಳಲ್ಲಿ. ಕಿಟೆಲ್ ಹಳಗನ್ನಡದ ವ್ಯಾಕರಣಗ್ರಂಥ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿದ ಮನುಷ್ಯ. ವ್ಯಾಕರಣದ ಕಣ್ಣು ಪ್ರತಿ ನಮೂದಿನಲ್ಲೂ ಕಾಣುತ್ತದೆ. ಆದರೆ ಎಲ್ಲವೂ ಸಂಕ್ಷೇಪಾಕ್ಷರದಲ್ಲಿ. ಒಂದೆರಡು ಪುಟ ಮಾತ್ರ ಇಳಿಸಿಕೊಂಡವರಿಗೆ ಯಾವ ಅಕ್ಷರ ಯಾವ ಕೃತಿ ಎಂದು ತಿಳಿಯುವುದಿಲ್ಲ, ಪೀಠಿಕೆಯ ಭಾಗದಲ್ಲಿರುವ ಸಂಕ್ಷೇಪಗಳ ಪಟ್ಟಿ ಜೊತೆಗಿರಲೇಬೇಕು. ಮಿತಿಯೂ ಸ್ಪಷ್ಟ: ಅದರ ಇಂಗ್ಲಿಷು 19ನೇ ಶತಮಾನದ್ದು, ಅದರ ಕನ್ನಡವೂ ಅಲ್ಲಿಗೇ ನಿಂತದ್ದು. ‘ಕಾನೂನು ಅರಿವು’ ಎಂಬ ಇಂದಿನ ಸರ್ಕಾರಿ ಬಳಕೆಯನ್ನು ಅದರಲ್ಲಿ ಹುಡುಕುವುದು ಅನ್ಯಾಯ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಾಲ್ಕು ಸಂಪುಟಗಳ ಮದ್ರಾಸು ವಿಶ್ವವಿದ್ಯಾಲಯದ ಆವೃತ್ತಿ ಗ್ರಂಥಾಲಯದಲ್ಲಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಪರಿಷತ್ತಿನ ಕನ್ನಡ-ಕನ್ನಡ ನಿಘಂಟು ಎಂಟು ಸಂಪುಟ. ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ದಶಕಗಳ ಕಾಲ ದುಡಿದ ಕೆಲಸ. ಶಾಸನ, ಕಾವ್ಯ, ವಚನ, ಹೊಸಗನ್ನಡದ ಗದ್ಯದಿಂದ ಪ್ರಯೋಗ ಎತ್ತಿ ಕೊಟ್ಟಿರುವುದೇ ಇದರ ಜೀವ. ಪದದ ಜೊತೆಗಾರರು ಯಾರು ಎಂಬ ನಮ್ಮ ಪ್ರಶ್ನೆಗೆ ಉತ್ತರ ಹೇಳಬಲ್ಲ ವಿನ್ಯಾಸ ಇರುವುದು ಇದಕ್ಕೇ. ಓದುವ ಕ್ರಮ ಮಾತ್ರ ತಿರುಗಿಸಿಕೊಳ್ಳಬೇಕು: ಅರ್ಥವನ್ನು ಆಮೇಲೆ ಓದಿ, ಉದಾಹರಣೆಗಳನ್ನು ಮೊದಲು ಓದಿ. ಕೊಟ್ಟ ಉದಾಹರಣೆಗಳಲ್ಲಿ ನಿಷೇಧ ಎಷ್ಟು ಸಲ ಬಂದಿದೆ, ಪದದ ಹಿಂದೆ ಷಷ್ಠಿ ಇದೆಯೋ (ಮಳೆಯ ಪರಿವೆ), ಚತುರ್ಥಿ ಇದೆಯೋ (ಅವನಿಗೆ ಪರಿವೆ) ಎಂದು ಎಣಿಸಿ. ಅರ್ಥದ ಸಾಲು ಹೇಳದೆ ಬಿಟ್ಟದ್ದನ್ನು ಈ ಎಣಿಕೆ ಹೇಳುತ್ತದೆ. ತೊಂದರೆ ಎಂದರೆ ಉದಾಹರಣೆಗಳು ಸಾಹಿತ್ಯದ ಕಡೆಗೆ ವಾಲಿವೆ. ಪತ್ರಿಕೆ, ಕಚೇರಿ, ಮೊಬೈಲಿನ ಕನ್ನಡಕ್ಕೆ ಅಲ್ಲಿ ಜಾಗ ಕಡಿಮೆ. ಮನೆಯಲ್ಲಿ ಎಂಟು ಸಂಪುಟ ಇಡಲಾಗದವರಿಗೆ ಪರಿಷತ್ತಿನದೇ ‘ಕನ್ನಡ ರತ್ನಕೋಶ’ ಇದೆ. ಕೈಗೆ ಹಗುರ, ಆದರೆ ಹಗುರಾಗಲು ಬಿಟ್ಟುಕೊಟ್ಟಿರುವುದು ನಮಗೆ ಬೇಕಾದ ಉದಾಹರಣೆಗಳನ್ನೇ.

ಪದಕಣಜ ರಾಜ್ಯ ಸರ್ಕಾರದ ತಾಣ. ಹಲವು ಕೋಶಗಳನ್ನು ಒಂದೇ ಹುಡುಕಾಟದ ಕೆಳಗೆ ತಂದಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಶುರು ಮಾಡಿದ ಭಾರತವಾಣಿಯದೂ ಹೆಚ್ಚುಕಡಿಮೆ ಇದೇ ಬಗೆ, ಭಾಷೆಗಳು ಮಾತ್ರ ಹೆಚ್ಚು. ಇಂಗ್ಲಿಷ್ ಪದ ಹಾಕಿ ಕನ್ನಡ ಪಡೆಯುವವರಿಗೆ ಇವು ಅನುಕೂಲ. ನೋಡಬೇಕಾದ್ದು ಅರ್ಥಕ್ಕಿಂತ ಮೊದಲು ಕೋಶದ ಹೆಸರನ್ನು. ಆಡಳಿತ ಪದಕೋಶದ ಪದ ಕಥೆಗೆ ಹೊಂದದು, ಮನಶ್ಶಾಸ್ತ್ರದ ಪಾರಿಭಾಷಿಕ ಪದ ವರದಿಗೆ ಹೊಂದದು. ಪ್ರಜ್ಞೆ ಎಂಬ ಪದವನ್ನೇ ನೋಡಿ. ಆಸ್ಪತ್ರೆಯಲ್ಲಿ ‘ಪ್ರಜ್ಞೆ ಇಲ್ಲ’ ಎಂದರೆ ರೋಗಿ ಎಚ್ಚರ ತಪ್ಪಿದ್ದಾನೆ. ‘ಗ್ರಾಹಕರು ಹೊಸ ನಿಯಮದ ಬಗ್ಗೆ ಪ್ರಜ್ಞಾಹೀನರಾಗಿದ್ದಾರೆ’ ಎಂದು ಬರೆದರೆ ಗ್ರಾಹಕರೆಲ್ಲ ಸಾಲಾಗಿ ಮಂಚದ ಮೇಲೆ ಮಲಗಿರುತ್ತಾರೆ. ಇಂಗ್ಲಿಷಿನ ಕಡೆಯಿಂದ ಇನ್ನೊಂದು ಬಲೆ: ‘ಅನ್‌ಅವೇರ್’ ಎಂಬುದರ ಪಕ್ಕದಲ್ಲೇ ಕೂತಿರುವ ‘ಅನ್‌ಅವೇರ್ಸ್’ ಎಂಬ ಅವ್ಯಯಕ್ಕೆ ಹಠಾತ್ತಾಗಿ, ನಿರೀಕ್ಷೆ ಇಲ್ಲದಾಗ ಎಂಬ ಅರ್ಥವೂ ಇದೆ. ಕೊನೆಯ ಒಂದಕ್ಷರ ನೋಡದೆ ಎತ್ತಿಕೊಂಡರೆ ‘ತಿಳಿಯದ’ ಎಂಬಲ್ಲಿ ‘ಹಠಾತ್’ ಬಂದು ಕೂರುತ್ತದೆ.

ಸಮಾನಾರ್ಥಕ ಎಂದು ಸಾಲಾಗಿ ಕೊಡುವ ಪದಗಳಲ್ಲಿ ಯಾವುದೂ ಇನ್ನೊಂದರ ಬದಲಿಗೆ ನಿಲ್ಲುವುದಿಲ್ಲ. ಅನಭಿಜ್ಞ ಎಂದರೆ ಒಂದು ವಿಷಯದಲ್ಲಿ ಪಳಗದವನು. ಸಂಗೀತದಲ್ಲಿ ಅನಭಿಜ್ಞ ಎನ್ನಬಹುದು, ಹಿಂದಿನಿಂದ ಬರುತ್ತಿರುವ ಬಸ್ಸಿನ ಬಗ್ಗೆ ಅನಭಿಜ್ಞ ಎನ್ನಲಾಗದು. ಅಜ್ಞಾನಿ, ತಿಳಿಗೇಡಿ ಬೈಗುಳಗಳು. ಅಮಾಯಕ ಎಂದರೆ ಕಪಟ ಅರಿಯದವನು. ಪತ್ರಿಕೆಗಳಲ್ಲಿ ಆತ ಬಹುಪಾಲು ಮೋಸಹೋದವನಾಗಿಯೋ ಪೆಟ್ಟು ತಿಂದವನಾಗಿಯೋ ಬರುತ್ತಾನೆ. ‘ಗೊತ್ತುಗುರಿ ಇಲ್ಲದ’ ಎಂಬುದನ್ನು ‘ಗೊತ್ತಿಲ್ಲದ’ ಎಂಬುದರ ಅಣ್ಣ ಎಂದುಕೊಂಡವರಿದ್ದಾರೆ. ಅದು ನೆಲೆ, ಉದ್ದೇಶ ಇಲ್ಲದ್ದು.

ಇನ್ನು ಬಳಕೆ ಹುಡುಕುವ ದಾರಿ. ಯಾರು ಬೇಕಾದರೂ ತಿದ್ದಬಹುದಾದ ಅಂತರಜಾಲದ ನಿಘಂಟು ವಿಕ್ಷನರಿಯನ್ನೂ ಹಾದುಹೋಗಬಹುದು, ಗುಣಮಟ್ಟ ಒಂದೊಂದು ಪುಟಕ್ಕೆ ಒಂದೊಂದು ಥರ. ನಿಜವಾಗಿ ಕೆಲಸಕ್ಕೆ ಬರುವುದು ಹುಡುಕುಯಂತ್ರದಲ್ಲಿ ಪದಪುಂಜವನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವುದು. ಒಂದು ರೂಪ ಹಾಕಿ ನಿಲ್ಲಿಸಬೇಡಿ. ‘ಪರಿವೆ ಇಲ್ಲದೆ’, ‘ಪರಿವೆಯಿಲ್ಲದೆ’, ‘ಪರಿವೆಯೇ ಇಲ್ಲದೆ’, ‘ಪರಿವೆಯೂ ಇಲ್ಲದೆ’, ‘ಪರಿವೆ ಇರಲಿಲ್ಲ’, ಎಲ್ಲವನ್ನೂ ಹಾಕಿ ನೋಡಿ; ಮೇಲೆ ‘ಇಲ್ಲದೆ’ ರೂಪಗಳ ಕೊನೆಗೆ ದೆ ಬದಲು ದೇ ಬರೆಯುವವರು ಸಾಕಷ್ಟಿದ್ದಾರೆ. ‘ಅರಿವು’ ಒಂದನ್ನೇ ಹಾಕಿದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳು, ಶಿಕ್ಷಣ ಸಾಲದ ಅರಿವು ಯೋಜನೆ, ಕಾನೂನು ಅರಿವು ಕಾರ್ಯಕ್ರಮಗಳು ಪುಟಗಟ್ಟಲೆ ನುಗ್ಗುತ್ತವೆ. ‘ಅರಿವಿಲ್ಲದೆ’, ‘ಅರಿವಿಗೆ ಬಾರದೆ’ ಎಂದು ಹಾಕಿದರೆ ಜಾಲ ಶುಭ್ರವಾಗುತ್ತದೆ. ಹಿಂದಿನ ಬಳಕೆಗೆ ವಚನ ಸಂಚಯ ಒಳ್ಳೆಯ ತಾಣ. ಪದ ಹಾಕಿದರೆ ಅದು ಬಂದಿರುವ ವಚನಗಳು ಸಾಲಾಗಿ ಬರುತ್ತವೆ, ಅರಿವು ಎಂಬುದು ಶರಣರಿಗೆ ಎಷ್ಟು ದೊಡ್ಡ ಮಾತು ಎಂದು ಅಲ್ಲೇ ಕಾಣುತ್ತದೆ. ಎಡವುವುದು ಸಂಧಿಯಲ್ಲಿ. ‘ಅದನ್ನು ಅರಿಯದೆ’ ಎಂಬುದು ಪದ್ಯದಲ್ಲಿ ‘ಅದನರಿಯದೆ’ ಆಗಿರುತ್ತದೆ, ‘ತನ್ನನ್ನು ಅರಿಯದೆ’ ಎಂಬುದು ‘ತನ್ನನರಿಯದೆ’. ಅಕಾರ ಹಿಂದಿನ ಪದದೊಳಗೆ ಕರಗಿಹೋದ್ದರಿಂದ ಬಿಡಿಪದದ ಹುಡುಕಾಟಕ್ಕೆ ಇವು ಸಿಕ್ಕುವುದಿಲ್ಲ. ಕೂಡಿದ ರೂಪವನ್ನೇ ಇಡಿಯಾಗಿ ಕೊಡಬೇಕು. ಪದದ ತುಂಡು ಹುಡುಕಬಲ್ಲ ಕಡತ ಕೈಯಲ್ಲಿದ್ದರೆ ‘ನರಿಯದೆ’, ‘ವನರಿಯ’ ಎಂಬ ತುಣುಕು ಕೊಟ್ಟು ನೋಡಬೇಕು. ನರಿ ಬಂದರೆ ಗಾಬರಿಯಾಗಬೇಡಿ.

ಉತ್ತರ ಕರ್ನಾಟಕದ ‘ಖಬರು’ ಇಲ್ಲದೆ ಈ ಪಟ್ಟಿ ಪೂರ್ತಿಯಾಗದು. ಸುದ್ದಿ ಎಂಬ ಅರ್ಥದ ಅರಬಿ ಮೂಲದ ಪದ ಅಲ್ಲಿ ಎಚ್ಚರ, ಗಮನ ಎಂಬ ಅರ್ಥಕ್ಕೆ ಜರುಗಿದೆ. ‘ನಂಗೇನೂ ಖಬರಿಲ್ಲ’ ಎಂದರೆ ಸುದ್ದಿ ಬಂದಿಲ್ಲ ಎಂದೂ ಆಗಬಹುದು. ‘ಅವಂಗ ಮೈಮ್ಯಾಲ ಖಬರಿಲ್ಲ’ ಎಂದರೆ ಪರಿವೆಯ ಖಾಸಾ ತಮ್ಮ. ಬೈಯಲು ‘ಖಬರಗೇಡಿ’. ಕಿಟೆಲ್ ಹಿಂದೂಸ್ತಾನಿ, ಮರಾಠಿ ಮೂಲದ ಪದಗಳಿಗೆ ಗುರುತು ಹಾಕಿ ಸೇರಿಸಿದ್ದರಿಂದ ಇಂಥವಕ್ಕೆ ಅಲ್ಲಿ ಬಾಗಿಲು ತೆರೆದಿದೆ. ವೆಂಕಟಸುಬ್ಬಯ್ಯನವರ ‘ಎರವಲು ಪದಕೋಶ’ವೂ ಇಂಥ ಹುಡುಕಾಟಕ್ಕೆ ಜೊತೆಗಿರಲಿ. ಖ-ಕ, ಬ-ಭ ಬರಹದಲ್ಲಿ ಒಬ್ಬೊಬ್ಬರದು ಒಂದೊಂದು ಥರ ಇರುವುದರಿಂದ ‘ಖಬರ’, ‘ಖಬರು’, ‘ಕಬರು’ ಮೂರನ್ನೂ ಹಾಕಿ ನೋಡಿ.

ಮುದ್ರಿತ ಕಿಟೆಲ್ ಬೇಕೆನ್ನುವವರಿಗೆ ದೆಹಲಿಯ ಏಷ್ಯನ್ ಎಜುಕೇಷನಲ್ ಸರ್ವಿಸಸ್ ಮರುಮುದ್ರಣ ತಂದಿತ್ತು. ಒಂದೇ ದಪ್ಪ ಸಂಪುಟ, ಹಳೆಯ ಪುಟಗಳ ಪಡಿಯಚ್ಚು, ಅಕ್ಷರ ಚಿಕ್ಕದು. ಹಳೆಯ ಪ್ರತಿ ಕೊಳ್ಳುವುದಾದರೆ ಬೆನ್ನಿನ ಹೊಲಿಗೆ ಬಿಟ್ಟಿದೆಯೇ, ಸಂಕ್ಷೇಪಗಳ ಪಟ್ಟಿಯ ಹಾಳೆಗಳು ಇವೆಯೇ, ಱಕಾರದ ಅಕ್ಷರ ರಕಾರದಿಂದ ಬೇರೆಯಾಗಿ ಕಾಣುವಷ್ಟು ಅಚ್ಚು ಸ್ಪಷ್ಟವಾಗಿದೆಯೇ ಎಂದು ಅಂಗಡಿಯಲ್ಲೇ ತೆರೆದು ನೋಡಿ. ಪರಿಷತ್ತಿನ ಸಂಪುಟಗಳಿಗೆ ಬೆಂಗಳೂರು ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಎಂಟೂ ಸಂಪುಟ ಒಟ್ಟಿಗೆ ದಾಸ್ತಾನಿನಲ್ಲಿದೆಯೇ ಎಂದು ಕೇಳಿಕೊಂಡೇ ಹೊರಡಿ.